ಗಣಿತದ ಚಟುವಟಿಕೆ ಕಟ್ಟುವುದು ಹೇಗೆ? ಇಂಟರ್ನ್‌ಶಿಪ್‌ಗೆ ಹೊರಟ ಪ್ರಶಿಕ್ಷಣಾರ್ಥಿಗಳಿಗೆ

ಇಂಟರ್ನ್‌ಶಿಪ್‌ಗೆ ಬರುವ ಡಿ.ಎಲ್.ಎಡ್ (ಪ್ರಾಥಮಿಕ ಶಿಕ್ಷಕರ ತರಬೇತಿ) ಪ್ರಶಿಕ್ಷಣಾರ್ಥಿಗಳು ಗಣಿತದ ಪಾಠಕ್ಕೆ ತುಂಬಾ ಕಷ್ಟಪಡುತ್ತಾರೆ. ರಾತ್ರಿ ಕೂತು ಥರ್ಮಾಕೋಲ್ ಕತ್ತರಿಸುತ್ತಾರೆ, ಚಾರ್ಟಿಗೆ ಬಣ್ಣ ಹಚ್ಚುತ್ತಾರೆ, ಐದು ಹಂತಗಳ 5ಇ ಮಾದರಿಯ ಪಾಠಯೋಜನೆಯ ಒಂದೊಂದು ಕಾಲಂ ತುಂಬುತ್ತಾರೆ. ಆ ಶ್ರಮ ಕಂಡರೆ ನನಗೆ ಗೌರವವೇ. ಆದರೆ ಮಕ್ಕಳಿಗೆ ಕೊಡುವ ಲೆಕ್ಕ ಯಾವುದು, ಅದರೊಳಗೆ ಯಾವ ಸಂಖ್ಯೆ ಇಡಬೇಕು ಅನ್ನೋದು ಮಾತ್ರ ಕೊನೆಯ ಐದು ನಿಮಿಷದಲ್ಲಿ ತೀರ್ಮಾನ ಆಗಿರುತ್ತದೆ. ಇದು ಉಲ್ಟಾ ಆಗಬೇಕು. ಮೊದಲು ಮಕ್ಕಳು ಏನು ಉತ್ತರ ಕೊಡಬಹುದು ಅಂತ ಯೋಚಿಸಿ, ಆಮೇಲೆ ಸಂಖ್ಯೆ ಆರಿಸಿ, ಬಣ್ಣ ಕೊನೆಗೆ.

ನಾನು ಧಾರವಾಡ ತಾಲ್ಲೂಕಿನ ಸರ್ಕಾರಿ ಪ್ರಾಥಮಿಕ ಶಾಲೆಯೊಂದರಲ್ಲಿ ಕಲಿಸುತ್ತೇನೆ. ನಮ್ಮಲ್ಲಿಗೆ ಬರುವ ಪ್ರಶಿಕ್ಷಣಾರ್ಥಿಗಳ ಜೊತೆ ಕೂತು ಲೆಕ್ಕ ಕಟ್ಟುವಾಗ ಯಾವ ಕ್ರಮ ಹಿಡಿಯುತ್ತೇವೋ ಅದನ್ನೇ ಇಲ್ಲಿ ಬರೆದಿದ್ದೇನೆ.

ಹಂತ 1: ಏನು ಕಲಿಸಬೇಕು ಅನ್ನೋದನ್ನು ಒಂದು ಸಾಲಲ್ಲಿ ಬರೆಯಿರಿ

ಕಲಿಕಾ ಫಲದ ಸಾಲನ್ನು ಹಾಗೇ ಇಳಿಸಿಕೊಂಡರೆ ಸಾಲದು. "ಎರಡಂಕಿ ಸಂಖ್ಯೆಗಳ ವ್ಯವಕಲನ ಮಾಡುವರು" ಅಂತ ಬರೆದರೆ ನಿಮಗೆ ಏನೂ ತಿಳಿಯುವುದಿಲ್ಲ. ಅದರ ಬದಲು ಹೀಗೆ ಬರೆಯಿರಿ: "ಬಿಡಿ ಸಾಲದೆ ಹೋದಾಗ ಒಂದು ಹತ್ತನ್ನು ಬಿಚ್ಚಿ ಹತ್ತು ಬಿಡಿ ಮಾಡಿಕೊಳ್ಳಬಹುದು ಅಂತ ಮಗುವಿಗೆ ತಿಳಿಯಬೇಕು." ಈಗ ನೋಡಿ, ಯಾವ ವಸ್ತು ಬೇಕು, ಯಾವ ಸಂಖ್ಯೆ ಬೇಕು ಎಲ್ಲಾ ತಾನಾಗಿಯೇ ಸೂಚನೆ ಸಿಗುತ್ತದೆ. ಕಟ್ಟು ಬಿಚ್ಚುವಂಥ ವಸ್ತು ಬೇಕು. ಬಿಡಿ ಸಾಲದೆ ಹೋಗುವ ಸಂಖ್ಯೆ ಬೇಕು. ಒಂದು ಅವಧಿಗೆ ಇಂಥ ಒಂದೇ ಸಾಲು ಸಾಕು.

ಹಂತ 2: ಮಕ್ಕಳ ನೋಟ್‌ಬುಕ್ ಕೇಳಿ ಪಡೆಯಿರಿ

ಪಾಠಕ್ಕೆ ಮುಂಚೆ ಮಾರ್ಗದರ್ಶಕ ಶಿಕ್ಷಕರ ಹತ್ತಿರ ಹೋಗಿ "ಹೋದ ವಾರದ ಗಣಿತ ನೋಟ್‌ಬುಕ್ ಒಂದಿಷ್ಟು ಕೊಡ್ರಿ" ಅಂತ ಕೇಳಿ. ಯಾರೂ ಇಲ್ಲ ಅನ್ನುವುದಿಲ್ಲ. ಕೆಂಪು ಗೆರೆ ಎಳೆದ ಉತ್ತರಗಳನ್ನೇ ಹುಡುಕಿ. ತಪ್ಪು ಉತ್ತರದ ಹಿಂದೆ ಸಾಮಾನ್ಯವಾಗಿ ಮಗುವಿನದೇ ಒಂದು ನಿಯಮ ಇರುತ್ತದೆ. ಆ ನಿಯಮ ಹಿಡಿಯುವುದೇ ನಿಮ್ಮ ಕೆಲಸ.

52ರಲ್ಲಿ 28 ಕಳೆದು 36 ಬರೆದ ಮಗು ಏನು ಮಾಡಿದೆ? ಪ್ರತಿ ಸ್ಥಾನದಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆದಿದೆ. 5ರಲ್ಲಿ 2 ಹೋದರೆ 3, 8ರಲ್ಲಿ 2 ಹೋದರೆ 6. ಮೇಲಿನದು ಯಾವುದು ಕೆಳಗಿನದು ಯಾವುದು ಅನ್ನೋದು ಅದಕ್ಕೆ ಲೆಕ್ಕಕ್ಕೇ ಇಲ್ಲ. ನೂರಾ ಐದನ್ನು 1005 ಅಂತ ಬರೆದ ಮಗು ಕಿವಿಗೆ ಕೇಳಿದ್ದನ್ನು ಕೇಳಿದ ಹಾಗೇ ಬರೆದಿದೆ, ನೂರು ಮತ್ತು ಐದು. 1/4 ದೊಡ್ಡದು, 1/3 ಚಿಕ್ಕದು ಅನ್ನುವ ಮಗುವಿಗೆ 4 ಅನ್ನೋದು 3ಕ್ಕಿಂತ ದೊಡ್ಡದು ಅಂತ ಗೊತ್ತಿದೆ, ಅದನ್ನೇ ಇಲ್ಲಿಗೂ ತಂದಿದೆ. 0.5ಕ್ಕಿಂತ 0.45 ಜಾಸ್ತಿ ಅನ್ನುವ ಐದನೇ ಕ್ಲಾಸಿನ ಹುಡುಗನೂ ಅಷ್ಟೇ, 5 ಮತ್ತು 45 ಹೋಲಿಸಿದ್ದಾನೆ.

ಇಂಥ ಎರಡು ಮೂರು ತಪ್ಪುಗಳನ್ನು ನಿಮ್ಮ ಪಾಠ ಟಿಪ್ಪಣಿಯ ಅಂಚಿನಲ್ಲಿ ಬರೆದುಕೊಳ್ಳಿ. ಪಕ್ಕದಲ್ಲಿ "ಯಾಕೆ ಹೀಗೆ ಅನಿಸಿರಬಹುದು" ಅಂತಲೂ ಬರೆಯಿರಿ. ಮುಂದಿನ ಹಂತಗಳೆಲ್ಲ ಇದರ ಮೇಲೇ ನಿಲ್ಲುತ್ತವೆ.

ಹಂತ 3: ಸಂಖ್ಯೆ ಆರಿಸಿ, ನಿಧಾನವಾಗಿ

ಇಲ್ಲಿ ಜಾಸ್ತಿ ಹೊತ್ತು ಕಳೆಯಿರಿ. ನನ್ನನ್ನು ಕೇಳಿದರೆ ತಯಾರಿಯ ಅರ್ಧ ಸಮಯ ಇದಕ್ಕೇ ಹೋದರೂ ನಷ್ಟ ಇಲ್ಲ.

ಮೂರನೇ ಕ್ಲಾಸಿಗೆ 47 − 23 ಕೊಟ್ಟಿರಿ ಅಂದುಕೊಳ್ಳಿ. ಎಲ್ಲರೂ 24 ಅಂತಾರೆ. ನಿಮಗೆ ಖುಷಿ. ಆದರೆ ದೊಡ್ಡದರಿಂದ ಚಿಕ್ಕದನ್ನು ಕಳೆಯುವ ಮಗುವಿಗೂ ಅದೇ 24 ಬಂದಿರುತ್ತದೆ! ಆ ಲೆಕ್ಕ ನಿಮಗೆ ಏನನ್ನೂ ತೋರಿಸಲಿಲ್ಲ. 52 − 28 ಕೊಟ್ಟರೆ ತಿಳಿದವರಿಗೆ 24, ಇಲ್ಲದವರಿಗೆ 36 ಬಂದು ಬೇರೆ ಬೇರೆ ಆಗುತ್ತದೆ. 50 − 28 ಕೊಟ್ಟರೆ ಸೊನ್ನೆ ಬಂತು, 38 ಅನ್ನುವವರು ಸಿಗುತ್ತಾರೆ. ಇನ್ನು 503 − 278ರಲ್ಲಿ ಹತ್ತರ ಸ್ಥಾನದಲ್ಲೇ ಏನೂ ಇಲ್ಲ, ನೂರನ್ನು ಬಿಚ್ಚಬೇಕು, ಅದು ಬೇರೆಯದೇ ಪಾಠ. ಒಂದೇ ಅವಧಿಯಲ್ಲಿ ಇವೆಲ್ಲವನ್ನೂ ತುರುಕಬೇಡಿ.

62 − 59 ನೋಡಿ. ಇದನ್ನು ದಶಕ ತಂದು ಕಳೆಯುತ್ತಾ ಕೂರುವ ಅಗತ್ಯವೇ ಇಲ್ಲ. 59, 60, 61, 62, ಮೂರು ಹೆಜ್ಜೆ ಅಷ್ಟೇ. ಕಳೆಯುವುದು ಅಂದರೆ ತೆಗೆದುಹಾಕುವುದು ಮಾತ್ರ ಅಲ್ಲ, ಎರಡರ ನಡುವೆ ಎಷ್ಟು ದೂರ ಅಂತ ನೋಡುವುದೂ ಹೌದು ಅನ್ನೋದನ್ನು ಈ ಜೋಡಿ ಸಂಖ್ಯೆ ತಾನೇ ಹೇಳಿಕೊಡುತ್ತದೆ. ಅದಕ್ಕೇ 62 − 59 ಮತ್ತು 62 − 3 ಎರಡನ್ನೂ ಪಕ್ಕಪಕ್ಕ ಬರೆದು "ಎರಡನ್ನೂ ಒಂದೇ ರೀತಿ ಮಾಡ್ತೀರಾ?" ಅಂತ ಕೇಳಿ ನೋಡಿ. ಹುಬ್ಬಳ್ಳಿಯ ಜನತಾ ಬಜಾರದಲ್ಲಿ ಅವ್ವನ ಜೊತೆ ಕಾಯಿಪಲ್ಲೆ ಮಾರಲು ಕೂರುವ ಮಗುವಿಗೆ ಇದು ಮೊದಲೇ ಗೊತ್ತಿರುತ್ತದೆ. 64 ರೂಪಾಯಿಗೆ ನೂರರ ನೋಟು ಬಂದರೆ ಅದು ಎರಡು ಸೊನ್ನೆಯ ಮೇಲಿಂದ ದಶಕ ತರುವುದಿಲ್ಲ. 64ಕ್ಕೆ 6 ಹಾಕಿ 70, ಇನ್ನು 30 ಹಾಕಿ ನೂರು, ಚಿಲ್ಲರೆ 36. ಆ ಮಗುವನ್ನು ಬೋರ್ಡಿಗೆ ಕರೆಯಿರಿ. ತನ್ನ ರೀತಿಯೂ ಗಣಿತವೇ ಅಂತ ಅದಕ್ಕೆ ಗೊತ್ತಾಗಲಿ, ಉಳಿದವರಿಗೂ ಗೊತ್ತಾಗಲಿ.

ಸುತ್ತಳತೆ ಮತ್ತು ವಿಸ್ತೀರ್ಣಕ್ಕೂ ಹೀಗೇ. ಚೌಕುಳಿ ಹಾಳೆಯ ಮೇಲೆ 24 ಚೌಕಗಳ ಆಯತ ಮಾಡಿ ಅಂತ ಹೇಳಿ. 1×24, 2×12, 3×8, 4×6 ನಾಲ್ಕು ಬಗೆ ಸಿಗುತ್ತವೆ. ಸುತ್ತಳತೆ ಕ್ರಮವಾಗಿ 50, 28, 22, 20. ವಿಸ್ತೀರ್ಣ ಒಂದೇ ಆದರೆ ಸುತ್ತಳತೆಯೂ ಒಂದೇ ಅಂತ ನಂಬಿದ ಮಕ್ಕಳಿಗೆ ಇಲ್ಲಿ ತಡೆ ಬೀಳುತ್ತದೆ. 24ರ ಬದಲು 23 ಕೊಟ್ಟಿದ್ದರೆ ಒಂದೇ ಆಯತ, ಚಟುವಟಿಕೆ ಅಲ್ಲಿಗೇ ಮುಗಿಯಿತು. 36 ಕೊಟ್ಟರೆ 6×6ರ ಚೌಕವೂ ಸಿಕ್ಕಿ "ಅಕ್ಕೋರ, ಇದು ಆಯತ ಹೌದೋ ಅಲ್ಲೋ?" ಅನ್ನುವ ಪ್ರಶ್ನೆ ಬರುತ್ತದೆ. ಆ ಚರ್ಚೆಗೆ ನೀವು ತಯಾರಿದ್ದರೆ 36 ಇಡಿ, ಇಲ್ಲದಿದ್ದರೆ 24 ಸಾಕು.

ಹಂತ 4: ಊರಿನ ವಿಷಯ ತನ್ನಿ, ಆದರೆ ಅದರೊಳಗೆ ಗಣಿತ ಇರಲಿ

ಸ್ಥಳೀಯ ಸಂದರ್ಭ ತರಬೇಕು ಅಂತ ಎಲ್ಲರೂ ಹೇಳುತ್ತಾರೆ. ಹಾಗಾಗಿ "ರಾಜು 5 ಬ್ಯಾಡಗಿ ಮೆಣಸಿನಕಾಯಿ ತಂದ, ರಾಣಿ 3 ತಂದಳು" ಅಂತ ಬರೆಯುತ್ತಾರೆ. ಮೆಣಸಿನಕಾಯಿ ತೆಗೆದು ಪೆನ್ಸಿಲ್ ಇಟ್ಟರೂ ಲೆಕ್ಕ ಬದಲಾಗಲಿಲ್ಲ ಅಲ್ವಾ? ಅಂದರೆ ಅಲ್ಲಿ ಬ್ಯಾಡಗಿ ಇಲ್ಲ, ಬರೀ ಹೆಸರಿದೆ. ನಾನು ಹಾಕುವ ಪರೀಕ್ಷೆ ಇಷ್ಟೇ. ಆ ವಸ್ತುವನ್ನು ತೆಗೆದರೆ ಲೆಕ್ಕವೂ ಕುಸಿಯಬೇಕು. ಕುಸಿಯದಿದ್ದರೆ ಅದು ಅಲಂಕಾರ.

ನಮ್ಮ ಭಾಗದಲ್ಲಿ ಗಣಿತ ತುಂಬಿದ ವಿಷಯಗಳಿಗೆ ಬರ ಇಲ್ಲ. ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದ ಪ್ಲಾಟ್‌ಫಾರ್ಮ್ 1507 ಮೀಟರ್ ಉದ್ದ. 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯಿತು, ಜಗತ್ತಿನಲ್ಲೇ ಅತಿ ಉದ್ದದ ಪ್ಲಾಟ್‌ಫಾರ್ಮ್ ಅಂತ ಹೆಸರಾಗಿದೆ. ಒಂದು ಬೋಗಿ ಸುಮಾರು 24 ಮೀಟರ್ ಅಂತ ಇಟ್ಟುಕೊಂಡರೆ ಸಾಲಾಗಿ ಎಷ್ಟು ಬೋಗಿ ನಿಲ್ಲಿಸಬಹುದು? ಭಾಗಿಸಿದರೆ 62, ಉಳಿದದ್ದು 19. ಆ 19 ಮೀಟರ್‌ನಲ್ಲಿ ಇನ್ನೊಂದು ಬೋಗಿ ಹಿಡಿಯುವುದಿಲ್ಲ, ಆದ್ದರಿಂದ 62. ಈಗ ಇದರ ಪಕ್ಕದಲ್ಲಿ ಇನ್ನೊಂದು ಪ್ರಶ್ನೆ ಇಡಿ. 43 ಮಕ್ಕಳು ಲಕ್ಕುಂಡಿಗೆ ಪ್ರವಾಸ ಹೊರಟಿದ್ದಾರೆ, ಒಂದು ಗಾಡಿಯಲ್ಲಿ 8 ಮಕ್ಕಳು, ಎಷ್ಟು ಗಾಡಿ ಬೇಕು? ಭಾಗಲಬ್ಧ 5, ಶೇಷ 3. ಇಲ್ಲಿ ಉತ್ತರ 6, ಆ ಮೂವರನ್ನು ಬಿಟ್ಟು ಹೋಗೋಕಾಗುತ್ತಾ? ಶೇಷವನ್ನು ಒಮ್ಮೆ ಬಿಡಬೇಕು, ಒಮ್ಮೆ ಒಂದು ಸೇರಿಸಬೇಕು, ಅದನ್ನು ಸಂದರ್ಭವೇ ಹೇಳಬೇಕು. ಬರೀ ಸಂಖ್ಯೆ ಕೊಟ್ಟು ಭಾಗಿಸು ಅಂದರೆ ಈ ಮಾತು ಯಾವತ್ತೂ ಬರುವುದಿಲ್ಲ. ಭಾಗಾಕಾರ ಇನ್ನೂ ಕಷ್ಟವಿರುವ ಮಕ್ಕಳಿಗೆ ಬೋಗಿಯನ್ನು 25 ಮೀಟರ್ ಮಾಡಿ. ನಾಲ್ಕು ಬೋಗಿಗೆ ನೂರು ಮೀಟರ್, ಹದಿನೈದು ನೂರಕ್ಕೆ 60 ಬೋಗಿ, ಬಾಯಲ್ಲೇ ಆಗುತ್ತದೆ.

ಹುಬ್ಬಳ್ಳಿಯ ಬೆಂಗೇರಿಯಲ್ಲಿ ತಯಾರಾಗುವ ರಾಷ್ಟ್ರಧ್ವಜವನ್ನು ತೆಗೆದುಕೊಳ್ಳಿ. ದೇಶದ ಖಾದಿ ಧ್ವಜಗಳು ತಯಾರಾಗುವ ಊರು ನಮ್ಮ ಹುಬ್ಬಳ್ಳಿ. ಧ್ವಜದ ಉದ್ದ ಅಗಲ ಯಾವಾಗಲೂ 3:2. ನಿಗದಿಯಾದ ಅಳತೆಗಳು ಒಂಬತ್ತು, 150×100 ಮಿಲಿಮೀಟರ್‌ನಿಂದ ಹಿಡಿದು 6300×4200ರವರೆಗೆ. ಐದನೇ ಕ್ಲಾಸಿಗೆ ಅನುಪಾತ ಅನ್ನುವ ಹೆಸರೇ ಬೇಡ. 150×100, 450×300, 900×600 ಈ ಮೂರರ ಜೊತೆ 500×300 ಅನ್ನುವ ಒಂದು ತಪ್ಪು ಅಳತೆ ಸೇರಿಸಿ "ಇದರಲ್ಲಿ ಧ್ವಜ ಆಗದೇ ಇರೋದು ಯಾವುದು, ಹೇಗೆ ಗೊತ್ತಾಯ್ತು?" ಅಂತ ಕೇಳಿ. ಕೆಲವರು ಉದ್ದದಲ್ಲಿ ಅಗಲ ಕಳೆದು 50, 150, 300, 200 ಅಂತ ಬರೆದು ಗೊಂದಲದಲ್ಲಿ ಕೂರುತ್ತಾರೆ. ಕೆಲವರು ಅಗಲಕ್ಕೆ ಅದರ ಅರ್ಧ ಸೇರಿಸಿದರೆ ಉದ್ದ ಬರುತ್ತದೆ ಅಂತ ಕಂಡುಕೊಳ್ಳುತ್ತಾರೆ. ಈ ಎರಡು ಗುಂಪಿನ ಮಾತು ನಡೆಯಲಿ, ನೀವು ನಡುವೆ ಬರಬೇಡಿ. ಬೇಗ ಮುಗಿಸಿದವರಿಗೆ ಇನ್ನೊಂದು ಪ್ರಶ್ನೆ: 225×150ರ ಧ್ವಜಕ್ಕೂ 450×300ರ ಧ್ವಜಕ್ಕೂ ಬಟ್ಟೆ ಎಷ್ಟು ಪಟ್ಟು ವ್ಯತ್ಯಾಸ? ಎರಡು ಪಟ್ಟು ಅಂತ ಕೂಗುತ್ತಾರೆ. ಕಾಗದ ಕತ್ತರಿಸಿ ಇಟ್ಟು ನೋಡಿದರೆ ನಾಲ್ಕು.

ಕಸೂತಿಯೂ ಹೀಗೇ. ಬಟ್ಟೆಯ ಎಳೆ ಎಣಿಸಿ ಹಾಕುವ ಹೊಲಿಗೆ ಅದು, ಮೊದಲೇ ಚಿತ್ರ ಬರೆದುಕೊಳ್ಳುವುದಿಲ್ಲ. ಗವಂತಿ ಅನ್ನುವ ಕಸೂತಿ ಹೊಲಿಗೆಯ ಒಂದು ವಿನ್ಯಾಸದ ಅರ್ಧ ಮಾತ್ರ ಚೌಕುಳಿ ಹಾಳೆಯ ಮೇಲೆ ಬರೆದುಕೊಟ್ಟು ಉಳಿದರ್ಧ ಪೂರ್ತಿ ಮಾಡಿ ಅಂದರೆ ಸಮಮಿತಿ ಬೆರಳ ತುದಿಗೆ ಬರುತ್ತದೆ. ಕ್ಲಾಸಿನ ಯಾವುದೋ ಮಗುವಿನ ಅಜ್ಜಿಗೆ ಕಸೂತಿ ಬರುತ್ತಿದ್ದರೆ ಶಾಲೆಗೆ ಕರೆಸಿ.

ಇನ್ನೂ ಹತ್ತಿರದ್ದು ಬೇಕಾ? ಬಿಸಿಯೂಟ. 1ರಿಂದ 5ನೇ ಕ್ಲಾಸಿನ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 6ರಿಂದ 8ರವರಿಗೆ 150 ಗ್ರಾಂ. ಇವತ್ತಿನ ಹಾಜರಾತಿ ನೋಡಿ ಅಕ್ಕಿ ಎಷ್ಟು ಬೇಕು ಅಂತ ಮಕ್ಕಳೇ ಹೇಳಲಿ. 5ನೇ ಕ್ಲಾಸಿನವರೆಗಿನ 38 ಮಕ್ಕಳಿಗೆ 3 ಕೆಜಿ 800 ಗ್ರಾಂ. ಅಡುಗೆಮನೆಗೆ ಹೋಗಿ ತೂಗಿ ನೋಡಲಿ.

ಹಂತ 5: ಪ್ರಶ್ನೆಗೆ ಒಂದಕ್ಕಿಂತ ಜಾಸ್ತಿ ದಾರಿ ಇರಲಿ

ಪುಸ್ತಕದ ಲೆಕ್ಕವನ್ನೇ ಸ್ವಲ್ಪ ತಿರುಗಿಸಿದರೆ ಸಾಕು, ಹೊಸದು ಹುಡುಕುತ್ತಾ ಕೂರಬೇಡಿ. "25 + 37 ಎಷ್ಟು?" ಅನ್ನೋದನ್ನು "ಯಾವ ಎರಡು ಸಂಖ್ಯೆ ಕೂಡಿಸಿದರೆ 62 ಬರುತ್ತೆ? ಎಷ್ಟು ಜೋಡಿ ಸಿಗುತ್ತೆ ನೋಡಿ" ಅಂತ ಮಾಡಿ. 60 + 2 ಎಲ್ಲರಿಗೂ ಸಿಗುತ್ತದೆ. ಆಮೇಲೆ "ಬಿಡಿ ಕೂಡಿಸಿದಾಗ ದಶಕ ಬರೋ ಜೋಡಿ ಮಾತ್ರ ಹೇಳಿ" ಅನ್ನಿ, ಸ್ವಲ್ಪ ಬಿಗಿಯಾಗುತ್ತದೆ. ಒಂದರಿಂದ ಮೂರನೇ ಕ್ಲಾಸು ಒಟ್ಟಿಗೆ ಕೂರುವ ನಲಿ-ಕಲಿ ಕೋಣೆಯಲ್ಲಿ ಇದರ ಅನುಕೂಲ ಇನ್ನೂ ಜಾಸ್ತಿ. ಚಿಕ್ಕವರಿಗೆ 62ರ ಬದಲು 10, ನಡುವಿನವರಿಗೆ 20, ಪ್ರಶ್ನೆ ಮಾತ್ರ ಎಲ್ಲರಿಗೂ ಅದೇ.

ಕಥೆ ಲೆಕ್ಕದಲ್ಲಿ ಒಂದು ಎಚ್ಚರ. "ಅಕ್ಕೋರ, ಇದು ಕೂಡ್ಸೂ ಲೆಕ್ಕಾನೋ ಕಳಿಯೂ ಲೆಕ್ಕಾನೋ?" ಈ ಪ್ರಶ್ನೆ ಕೇಳದ ಕ್ಲಾಸೇ ಇಲ್ಲ. "ಒಟ್ಟು" ಅಂತ ಇದ್ದರೆ ಕೂಡಿಸು, "ಉಳಿದದ್ದು" ಅಂತ ಇದ್ದರೆ ಕಳೆ ಅಂತ ನಾವೇ ಹೇಳಿಕೊಟ್ಟರೆ ಮಕ್ಕಳು ಕಥೆ ಓದುವುದನ್ನೇ ಬಿಡುತ್ತಾರೆ. ಅದಕ್ಕೆ ಇಂಥದ್ದು ಕೊಡಿ: "ಮಂಜುಳಾ ಹತ್ತಿರ 24 ಪೇಢೆ ಇವೆ. ಅದು ತಮ್ಮನ ಹತ್ತಿರ ಇರೋದಕ್ಕಿಂತ 6 ಹೆಚ್ಚು. ತಮ್ಮನ ಹತ್ತಿರ ಎಷ್ಟು?" "ಹೆಚ್ಚು" ಕಂಡ ಕೂಡಲೇ 30 ಅಂತಾರೆ. ಉತ್ತರ 18. ಪೆನ್ಸಿಲ್ ಹಿಡಿಯುವ ಮುಂಚೆ ಯಾರ ಹತ್ತಿರ ಜಾಸ್ತಿ ಇದೆ ಅಂತ ಚಿತ್ರ ಬರೆಯಲಿ.

ಹಂತ 6: ಮೊದಲು ನೀವೇ ಬಿಡಿಸಿ

ಕಟ್ಟಿದ ಲೆಕ್ಕವನ್ನು ನೀವು ಮೂರು ರೀತಿ ಬಿಡಿಸಿ ನೋಡಿ. ಒಂದು, ನಿಮಗೆ ಸಹಜವಾಗಿ ಬರುವ ರೀತಿ. ಎರಡು, ಬರೀ ಬೆರಳು, ಕಡ್ಡಿ, ಚಿತ್ರ ಬಳಸಿ. ಮೂರು, ಹಂತ 2ರಲ್ಲಿ ಬರೆದುಕೊಂಡ ಮಗುವಿನ ತಪ್ಪು ನಿಯಮ ಬಳಸಿ. ಮೂರನೆಯದು ಬಹಳ ಮುಖ್ಯ. ತಪ್ಪು ನಿಯಮದಿಂದಲೂ ಸರಿ ಉತ್ತರ ಬಂದುಬಿಟ್ಟರೆ ಸಂಖ್ಯೆ ಬದಲಿಸಬೇಕು. ಆಮೇಲೆ ಜೊತೆಗಾರರೊಬ್ಬರಿಗೆ ಕೊಟ್ಟು ಅವರು ಬಿಡಿಸುವಾಗ ಸುಮ್ನೆ ನೋಡಿ. ಅವರು "ಇದೇನು ಕೇಳ್ತಿದೀರಿ?" ಅಂದರೆ ಪ್ರಶ್ನೆಯ ಭಾಷೆ ಸರಿಯಿಲ್ಲ ಅಂತ ಅರ್ಥ.

ಹಂತ 7: ವಸ್ತು, ಚಿತ್ರ, ಅಂಕಿ

ಈಗ ಬೋಧನೋಪಕರಣಕ್ಕೆ ಬನ್ನಿ. ಹತ್ತು ಹತ್ತು ಕಡ್ಡಿಯ ಕಟ್ಟು, ರಬ್ಬರ್ ಬ್ಯಾಂಡ್ ಸಾಕು. 52 − 28ಕ್ಕೆ ಐದು ಕಟ್ಟು, ಎರಡು ಬಿಡಿ. ಎಂಟು ಬಿಡಿ ಕೊಡಬೇಕಾದಾಗ ಮಗುವಿನ ಕೈಯೇ ಒಂದು ಕಟ್ಟಿನ ಕಡೆ ಹೋಗಬೇಕು, ನೀವು ಬಿಚ್ಚಿಕೊಡಬೇಡಿ. ಆಮೇಲೆ ಕಟ್ಟಿಗೆ ಒಂದು ಗೆರೆ, ಬಿಡಿಗೆ ಒಂದು ಚುಕ್ಕೆ ಹಾಕಿ ಅದನ್ನೇ ಚಿತ್ರದಲ್ಲಿ ಮಾಡಲಿ. ಅಂಕಿ ಕೊನೆಗೆ. ಶಾಲೆಯ ಕಪಾಟಿನಲ್ಲಿ ಗಣಿತ ಕಲಿಕಾ ಆಂದೋಲನದ ಕಿಟ್ ಇದ್ದರೆ ಕೇಳಿ ತೆಗೆಸಿ.

ಭಿನ್ನರಾಶಿಗೆ ಜೋಳದ ರೊಟ್ಟಿ ತರುವ ಆಸೆ ಎಲ್ಲರಿಗೂ ಇರುತ್ತದೆ. ನಾನು ಬೇಡ ಅನ್ನುತ್ತೇನೆ. ರೊಟ್ಟಿ ಸಮವಾಗಿ ಮುರಿಯುವುದಿಲ್ಲ, ಮೂರು ಸಮ ಭಾಗ ಮಾಡುವುದಂತೂ ಆಗದ ಮಾತು. ಒಂದೇ ಉದ್ದದ ಕಾಗದದ ಪಟ್ಟಿಗಳನ್ನು ಕೊಡಿ. ಒಂದನ್ನು ಮೂರಾಗಿ, ಇನ್ನೊಂದನ್ನು ನಾಲ್ಕಾಗಿ ಮಡಚಿ ಒಂದರ ಕೆಳಗೆ ಒಂದು ಇಟ್ಟರೆ 1/3 ದೊಡ್ಡದೋ 1/4 ದೊಡ್ಡದೋ ಅಂತ ಮಗು ತಾನೇ ನೋಡುತ್ತದೆ.

ಹಂತ 8: ಕ್ಲಾಸಿನಲ್ಲಿ

ಪ್ರಶ್ನೆ ಓದಿ, ಅರ್ಥ ಆಯಿತಾ ಅಂತ ಒಂದು ಮಗುವಿನ ಬಾಯಲ್ಲಿ ಹೇಳಿಸಿ, ಸುಮ್ಮನಾಗಿ. ಮೊದಲ ಎರಡು ಮೂರು ನಿಮಿಷ ಯಾರಿಗೂ ಸುಳಿವು ಕೊಡಬೇಡಿ. ಹಿಂದೆ ಮಾರ್ಗದರ್ಶಕರು ಕೂತು ನೋಡುತ್ತಿದ್ದಾಗ ಸುಮ್ಮನಿರುವುದು ಕಷ್ಟ, ಗೊತ್ತು. ಆದರೆ ಆ ಹೊತ್ತಿನಲ್ಲಿ ನೀವು ಬೆಂಚುಗಳ ನಡುವೆ ಓಡಾಡುತ್ತಾ ಯಾರು ಹೇಗೆ ಮಾಡುತ್ತಿದ್ದಾರೆ ಅಂತ ಗುರುತು ಮಾಡಿಕೊಳ್ಳುತ್ತಿರುತ್ತೀರಿ. ಬೋರ್ಡಿಗೆ ಯಾರನ್ನು ಮೊದಲು ಕರೆಯಬೇಕು ಅನ್ನೋದು ಆಗಲೇ ತೀರ್ಮಾನ ಆಗಬೇಕು. ಕಡ್ಡಿ ಎಣಿಸಿದವರು ಮೊದಲು, ಚಿತ್ರ ಬರೆದವರು ಆಮೇಲೆ, ಅಂಕಿಯಲ್ಲಿ ಮಾಡಿದವರು ಕೊನೆಗೆ. ಜಾಣರನ್ನೇ ಮೊದಲು ಕರೆದರೆ ಉಳಿದವರು ತಮ್ಮದನ್ನು ಅಳಿಸಿಬಿಡುತ್ತಾರೆ.

52 − 28ಕ್ಕೆ 36 ಮತ್ತು 24 ಎರಡೂ ಉತ್ತರ ಬಂದರೆ ಎರಡನ್ನೂ ಬೋರ್ಡ್ ಮೇಲೆ ಬರೆಯಿರಿ. ಹೆಸರು ಹಾಕಬೇಡಿ. "28ಕ್ಕೆ 36 ಕೂಡಿಸಿ ನೋಡೋಣ, 52 ಬರುತ್ತಾ?" ಅಂತ ಕೇಳಿ. 64 ಬಂತು. ತಪ್ಪು ಅಂತ ನೀವು ಹೇಳಬೇಕಾಗಿಯೇ ಇಲ್ಲ.

ಹಂತ 9: ಪಾಠ ಮುಗಿದ ದಿನವೇ

ಅದೇ ದಿನ ಸಂಜೆ ಮನೆಗೆ ಹೋಗುವ ಮೊದಲು ಮೂರು ವಿಷಯ ಬರೆದಿಡಿ. ನೀವು ಊಹಿಸಿದ ಯಾವ ಉತ್ತರ ಬಂತು, ಊಹಿಸದ ಯಾವುದು ಬಂತು, ಮುಂದಿನ ಸಲ ಯಾವ ಸಂಖ್ಯೆ ಬದಲಿಸುತ್ತೀರಿ. ಊಹಿಸದೆ ಬಂದ ಉತ್ತರವನ್ನು ಆ ಮಗುವಿನ ಹತ್ತಿರವೇ ಹೋಗಿ "ಇದನ್ನು ಹೇಗೆ ಮಾಡಿದಿ ಹೇಳು" ಅಂತ ಕೇಳಿ, ಅದು ಹೇಳಿದ ಮಾತನ್ನೇ ಹಾಗೇ ಬರೆದುಕೊಳ್ಳಿ. ಸೆಕ್ಷನ್ ಎರಡಿದ್ದರೆ ಬದಲಿಸಿದ ಸಂಖ್ಯೆಯಲ್ಲಿ ಇನ್ನೊಂದು ಸೆಕ್ಷನ್‌ಗೆ ಪಾಠ ಮಾಡಲು ಅವಕಾಶ ಕೇಳಿ. ಒಂದೇ ಸೆಕ್ಷನ್ ಇರುವ ಹಳ್ಳಿ ಶಾಲೆಯಾದರೆ ಬೇರೆ ಶಾಲೆಯಲ್ಲಿರುವ ನಿಮ್ಮ ಜೊತೆಗಾರರಿಗೆ ಆ ಲೆಕ್ಕವನ್ನು, ಬಂದ ಉತ್ತರಗಳ ಪಟ್ಟಿಯ ಸಮೇತ, ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ. ಅವರ ಕ್ಲಾಸಿನಲ್ಲಿ ಏನೇನು ಬಂತು ಅಂತ ವಾರದೊಳಗೆ ಕೇಳಿ ತರಿಸಿಕೊಳ್ಳಿ.